ಡಬ್ಲಿನ್‌ನಲ್ಲಿ ವರ್ಷಕ್ಕೆ 38,000 ಯೂರೋ ಸಂಬಳ: ಹೋಗಲಾ, ಬೇಡವಾ?

ಹಾರಂಗಿ ದಡ

ಎಲ್ಲರಿಗೂ ನಮಸ್ಕಾರ. ನಮ್ಮೂರು ಕೊಡಗಿನ ಸುಂಟಿಕೊಪ್ಪದ ಹತ್ತಿರ. ಐದು ಎಕರೆ ರೋಬಸ್ಟಾ ಕಾಫಿ, ನಡುವೆ ಕರಿಮೆಣಸು. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ತಂಗಿ ಮಡಿಕೇರಿಯಲ್ಲಿ ಓದುತ್ತಿದ್ದಾಳೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಕೈಗೆ 58,000 ರೂಪಾಯಿ ಬರುತ್ತದೆ. ಬಾಡಿಗೆ, ಊಟ, ಓಡಾಟ ಕಳೆದು ಮನೆಗೆ 15,000 ಕಳಿಸಿದ ಮೇಲೆ ಉಳಿಯುವುದು ಅಷ್ಟಕ್ಕಷ್ಟೇ.

ಈಗ, 2025ರ ಕೊನೆಗೆ, ಐರ್ಲೆಂಡಿನ ಡಬ್ಲಿನ್‌ನಿಂದ ಒಂದು ಆಫರ್ ಬಂದಿದೆ. ವರ್ಷಕ್ಕೆ 38,000 ಯೂರೋ. ಯೂರೋ ಈಗ ನೂರು ರೂಪಾಯಿ ಆಸುಪಾಸಿನಲ್ಲಿದೆ. ಹಾಗಾಗಿ ಮನೆಯಲ್ಲಿ ಎಲ್ಲರೂ 38 ಲಕ್ಷ ಅಂತ ಲೆಕ್ಕ ಹಾಕಿ ಮುಗಿಸಿದ್ದಾರೆ. ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್ (ಬೇಡಿಕೆಯಿರುವ ನುರಿತ ಕೆಲಸಗಳಿಗೆ ಅಲ್ಲಿನ ಸರ್ಕಾರ ಕೊಡುವ ಅನುಮತಿ) ಮಾಡಿಸುತ್ತೇವೆ, ಅದರ ಶುಲ್ಕ ನಮ್ಮದೇ ಅಂತ ಕಂಪನಿಯವರು ಹೇಳಿದ್ದಾರೆ. ವೀಸಾ, ಟಿಕೆಟ್, ಮನೆ ಹುಡುಕುವುದು ನನ್ನ ಪಾಲಿಗೆ.

ಅಲ್ಲಿರುವ ಸ್ನೇಹಿತನೊಬ್ಬ ಮಾತ್ರ ಬೇಡ ಅನ್ನುತ್ತಿದ್ದಾನೆ. ಈ ಸಂಬಳದಲ್ಲಿ ಅರ್ಧ ಬಾಡಿಗೆಗೇ ಹೋಗುತ್ತದೆ ಅಂತ ಅವನ ಮಾತು. ಅಪ್ಪ ಹೋಗು ಅನ್ನುತ್ತಾರೆ. ಅಮ್ಮ ಏನೂ ಹೇಳುತ್ತಿಲ್ಲ. ಹೊರಗೆ ಇದ್ದು ಬಂದವರು, ಈಗಲೂ ಇರುವವರು ದಯವಿಟ್ಟು ನಿಜವಾದ ಲೆಕ್ಕ ಹೇಳಿ.

ಲಿಫಿ ತೀರ

ನಾನು ವಿರಾಜಪೇಟೆ ಕಡೆಯವಳು. ಡಬ್ಲಿನ್‌ನಲ್ಲಿ ಕೆಲವು ವರ್ಷದಿಂದ ಇದ್ದೇನೆ. ಬಂದಾಗ ನನ್ನ ಸಂಬಳವೂ ಹೆಚ್ಚೇನಿರಲಿಲ್ಲ. ಹಾಗಾಗಿ ಕೂತು ಪೂರ್ತಿ ಬರೆಯುತ್ತೇನೆ.

ಮೊದಲು ಆ 38 ಲಕ್ಷ ಅನ್ನುವ ಸಂಖ್ಯೆಯನ್ನು ಮನೆಯವರ ತಲೆಯಿಂದ ತೆಗೆಯಿರಿ. ನೂರರಿಂದ ಗುಣಿಸುವುದು ಊರಿಗೆ ದುಡ್ಡು ಕಳಿಸುವ ದಿನ ಮಾತ್ರ. ಉಳಿದ ದಿನಗಳಲ್ಲಿ ಖರ್ಚು ಯೂರೋದಲ್ಲೇ ಆಗುತ್ತದೆ.

2025ರ ತೆರಿಗೆ ಲೆಕ್ಕ ನೋಡಿ. ಒಂಟಿಯಾಗಿರುವವರಿಗೆ 44,000 ಯೂರೋವರೆಗೆ ಶೇ. 20 ತೆರಿಗೆ. 38,000ಕ್ಕೆ 7,600 ಆಯಿತು. ಅದರಲ್ಲಿ ಪರ್ಸನಲ್ ಕ್ರೆಡಿಟ್ 2,000, ಸಂಬಳದವರಿಗೆ ಕೊಡುವ ಕ್ರೆಡಿಟ್ ಇನ್ನೊಂದು 2,000 ಕಳೆಯಿರಿ. 3,600 ಉಳಿಯಿತು. ಜೊತೆಗೆ ಯುಎಸ್‌ಸಿ ಅಂತ ಇನ್ನೊಂದು ತೆರಿಗೆ ಇದೆ, ಅದು ಸುಮಾರು 690. ಪಿಆರ್‌ಎಸ್‌ಐ ಅನ್ನುವ ಸಾಮಾಜಿಕ ವಿಮೆ ಶೇ. 4ಕ್ಕಿಂತ ಸ್ವಲ್ಪ ಜಾಸ್ತಿ, ವರ್ಷಕ್ಕೆ 1,570ರ ಹತ್ತಿರ. ಇಷ್ಟೂ ಹೋಗಿ ತಿಂಗಳಿಗೆ ಕೈಗೆ ಬರುವುದು 2,680 ಯೂರೋ ಆಸುಪಾಸು. 2026ರ ಜನವರಿಯಿಂದ ಕಂಪನಿಯ ಪಿಂಚಣಿ ಇಲ್ಲದವರಿಗೆ ಸರ್ಕಾರದ ಹೊಸ ಪಿಂಚಣಿ ಯೋಜನೆ ಇದೆ. ಅದಕ್ಕೆ ಶೇ. 1.5 ಹಿಡಿಯುತ್ತಾರೆ. ಅಂದರೆ ತಿಂಗಳಿಗೆ ಇನ್ನೊಂದು 47 ಯೂರೋ ಕಡಿಮೆ.

ಈಗ ಬಾಡಿಗೆ. ನಿಮ್ಮ ಇಡೀ ಪ್ರಶ್ನೆ ನಿಂತಿರುವುದು ಇದರ ಮೇಲೆ. ಡಬ್ಲಿನ್‌ನಲ್ಲಿ ಒಂದು ಬೆಡ್‌ರೂಮಿನ ಮನೆ ಒಬ್ಬರೇ ಹಿಡಿಯುತ್ತೇನೆ ಅಂದರೆ 1,800ಕ್ಕಿಂತ ಕಡಿಮೆಗೆ ಸಿಗುವುದು ಬಹಳ ಕಷ್ಟ. ಆ ಯೋಚನೆ ಬಿಡಿ. ಮೂರು ನಾಲ್ಕು ಜನ ಹಂಚಿಕೊಂಡ ಮನೆಯಲ್ಲಿ ನಿಮ್ಮದೇ ಒಂದು ರೂಮು, ಅಡುಗೆಮನೆ ಎಲ್ಲರಿಗೂ ಸೇರಿ. ಅದಕ್ಕೆ 800ರಿಂದ 1,000. ನಿಮ್ಮ ಲೆಕ್ಕಕ್ಕೆ 900 ಇಟ್ಟುಕೊಳ್ಳೋಣ. ಕರೆಂಟು, ಇಂಟರ್ನೆಟ್ ಪಾಲು 80. ಮನೆಯಲ್ಲೇ ಅಡುಗೆ ಮಾಡಿದರೆ ದಿನಸಿಗೆ 300 ಸಾಕು. ಲೀಪ್ ಕಾರ್ಡ್ ಇದ್ದರೆ ನಗರದೊಳಗೆ ಬಸ್ಸು, ಲುವಾಸ್ ಟ್ರ್ಯಾಮ್, ಡಾರ್ಟ್ ರೈಲು ಯಾವುದರಲ್ಲಿ ಹೋದರೂ 90 ನಿಮಿಷಕ್ಕೆ 2 ಯೂರೋ. ವಾರಕ್ಕೆ 24ಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ. ಹಾಗಾಗಿ ತಿಂಗಳಿಗೆ 100 ಹಿಡಿಯಿರಿ. ಫೋನು 20. ಬಟ್ಟೆ, ಹೊರಗಿನ ಊಟ, ಸಣ್ಣಪುಟ್ಟದ್ದಕ್ಕೆಲ್ಲ 250. ಇದಲ್ಲದೆ ಐರ್ಲೆಂಡಿನಲ್ಲಿ ಇರುವ ಅನುಮತಿಯ ಕಾರ್ಡಿಗೆ 300 ಯೂರೋ ಕಟ್ಟಬೇಕು, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ ಬೇರೆ. ಇವೆರಡನ್ನೂ ಹಂಚಿದರೆ ತಿಂಗಳಿಗೆ 100.

ಎಲ್ಲ ಸೇರಿ 1,750. ಉಳಿಯುವುದು 900 ಆಸುಪಾಸು. ಸಾಲ ಇಲ್ಲದೆ ಬಂದರೆ ಈ ಸಂಬಳದಲ್ಲಿ ಬದುಕಬಹುದು, ಮನೆಗೂ ಕಳಿಸಬಹುದು. ಸಾಲ ಮಾಡಿ ಬಂದರೆ, ಅಥವಾ ಒಬ್ಬರೇ ಮನೆ ಹಿಡಿದರೆ, ನಿಮ್ಮ ಸ್ನೇಹಿತ ಹೇಳಿದ್ದೇ ನಿಜವಾಗುತ್ತದೆ.

ಸೋಮವಾರಪೇಟೆ ಸಂಜೆ

ಮೂವರು ಅಪರಿಚಿತರ ಜೊತೆ ಅಡುಗೆಮನೆ ಹಂಚಿಕೊಂಡು ಇರೋದಕ್ಕೆ ಅಷ್ಟು ದೂರ ಹೋಗಬೇಕಾ? ಐದು ಎಕರೆ ತೋಟ ಇದೆ. 2024-25ರಲ್ಲಿ ರೋಬಸ್ಟಾ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಐವತ್ತು ಕೆ.ಜಿ. ಚೀಲಕ್ಕೆ ಹತ್ತು ಸಾವಿರ ದಾಟಿತ್ತು. ಈ ಕಾಲದಲ್ಲಿ ತೋಟ ಬಿಟ್ಟು ಹೋಗುವುದು ನನಗಂತೂ ಅರ್ಥವಾಗುವುದಿಲ್ಲ. ಮನೆಯಲ್ಲಿ ಎರಡು ರೂಮು ಹೋಮ್‌ಸ್ಟೇಗೆ ಬಿಟ್ಟು, ತೋಟವನ್ನು ಸರಿಯಾಗಿ ನೋಡಿಕೊಂಡರೆ 900 ಯೂರೋ ಇಲ್ಲೇ ಉಳಿಯುತ್ತದೆ. ನಾನು ಹಾಗೇ ಮಾಡುತ್ತಿದ್ದೇನೆ.

ಏಲಕ್ಕಿ ಮಲೆ

ಸಂಜೆಯವರೇ, ನಿಮ್ಮ ಮಾತಿನಲ್ಲಿ ಸತ್ಯ ಇದೆ. ಆದರೆ ಅರ್ಧ.

ನಾನು ಭಾಗಮಂಡಲ ಕಡೆಯ ಬೆಳೆಗಾರ್ತಿ, ವಯಸ್ಸು ಅರವತ್ತು ದಾಟಿದೆ. ಆ ಬೆಲೆಯ ಅರ್ಧಕ್ಕಿಂತ ಕಡಿಮೆಗೆ ಚೆರ್ರಿ ಮಾರಿದ್ದು ಬಹಳ ವರ್ಷದ ಹಿಂದಿನ ಮಾತಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ನಮ್ಮ ಸುತ್ತಮುತ್ತ ಎಷ್ಟೋ ಮನೆಯವರು ತೋಟವನ್ನೇ ಕಳೆದುಕೊಂಡರು. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲು ಡೀಸೆಲ್ ಖರ್ಚು. ಆನೆ ಬಂದರೆ ಒಂದೇ ರಾತ್ರಿಯಲ್ಲಿ ಗಿಡ, ಬೇಲಿ, ಪೈಪು ಎಲ್ಲ ನೆಲಕ್ಕೆ. ಹಾಗಾಗಿ ಒಂದು ಒಳ್ಳೆಯ ವರ್ಷದ ಬೆಲೆ ನೋಡಿ ಮಕ್ಕಳಿಗೆ ಇಲ್ಲೇ ಇರಿ ಅಂತ ನಾನು ಹೇಳಲಾರೆ. ಮನೆಯಲ್ಲಿ ಮಳೆ ನಂಬದ ಒಂದು ಆದಾಯ ಇರಬೇಕು.

ಆದರೆ ಹುಡುಗ ಒಂದು ವಿಷಯ ಬರೆದಿಲ್ಲ. ಕೊಯ್ಲು ಯಾರು ನೋಡಿಕೊಳ್ಳುತ್ತಾರೆ? ರೋಬಸ್ಟಾ ಹಣ್ಣಾಗುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿ, ಮಾರ್ಚ್‌ವರೆಗೆ. ಆಳು ಹುಡುಕಬೇಕು, ಕಣದಲ್ಲಿ ಕಾಯಬೇಕು, ತೂಕ ನೋಡಬೇಕು. ಮಗ ಬೆಂಗಳೂರಿನಲ್ಲಿದ್ದರೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಮನೆಯಲ್ಲಿರುತ್ತಾನೆ. ಡಬ್ಲಿನ್‌ನಿಂದ ಆಗುತ್ತಾ? ಅಪ್ಪ ಹೋಗು ಅನ್ನುವುದು ದೊಡ್ಡತನ. ಅಮ್ಮ ಸುಮ್ಮನಿರುವುದಕ್ಕೂ ಕಾರಣ ಇದ್ದೇ ಇರುತ್ತದೆ. ಕೂತು ಕೇಳಪ್ಪ.

ಬ್ರಹ್ಮಗಿರಿ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವನು, ಈಗ ಗೋಣಿಕೊಪ್ಪದಲ್ಲಿದ್ದೇನೆ. ಲಿಫಿ ತೀರ ಅವರು ಸಾಲದ ಬಗ್ಗೆ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಮ್ಮ ಜಿಲ್ಲೆಯ ಮಕ್ಕಳು ಸಾಲದಲ್ಲೇ ಸಿಕ್ಕಿಹಾಕಿಕೊಳ್ಳುವುದನ್ನು ಜಾಸ್ತಿ ನೋಡಿದ್ದೇನೆ.

ಜಮ್ಮಾ ಜಾಗ (ಕೊಡಗಿನ ಕುಟುಂಬಗಳ ಪಾರಂಪರಿಕ ಭೂಮಿ) ಇರುವವರು ಅದನ್ನು ಅಡವಿಟ್ಟು ಸಾಲ ತರುತ್ತೇನೆ ಅಂತ ಹೊರಡುತ್ತಾರೆ. ಪಹಣಿಯಲ್ಲಿ ಹಳೇ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರು ಇರುತ್ತದೆ, ಜೊತೆಗೆ ಕುಟುಂಬದ ಬೇರೆಯವರ ಹೆಸರೂ ಇರುತ್ತದೆ. ಎಲ್ಲರ ಸಹಿ ಬೇಕು. ಸಹಿಗೆ ಓಡಾಡಿ ತಿಂಗಳುಗಳೇ ಹೋಗುತ್ತವೆ. ಅಷ್ಟರಲ್ಲಿ ಸೇರುವ ದಿನ ಹತ್ತಿರ ಬರುತ್ತದೆ. ಆಗ ಜನ ದುಬಾರಿ ಬಡ್ಡಿಯ ಪರ್ಸನಲ್ ಲೋನಿಗೆ ಕೈ ಹಾಕುತ್ತಾರೆ. ಇಲ್ಲವೇ ಸಹಕಾರ ಸಂಘದಲ್ಲಿ ಅಪ್ಪನ ಹೆಸರಿನಲ್ಲಿ ತೆಗೆದ ಬೆಳೆಸಾಲವನ್ನೇ ಟಿಕೆಟ್ಟಿಗೆ ತಿರುಗಿಸುತ್ತಾರೆ. ಇದನ್ನು ಮಾತ್ರ ಮಾಡಬೇಡಿ. ಕರ್ನಾಟಕದಲ್ಲಿ 5 ಲಕ್ಷದವರೆಗೆ ಬೆಳೆಸಾಲಕ್ಕೆ ಬಡ್ಡಿ ಇಲ್ಲ, ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ. ಗಡುವು ತಪ್ಪಿದರೆ ಆ ಅನುಕೂಲ ಹೋಯಿತು. ಮುಂದಿನ ವರ್ಷ ಗೊಬ್ಬರಕ್ಕೆ ದುಡ್ಡು ಬೇಕಾದಾಗ ಅಪ್ಪ ಸಂಘದ ಮುಂದೆ ನಿಂತಿರುತ್ತಾರೆ.

ನಿಮ್ಮ ಹತ್ತಿರ ಈಗ ಉಳಿತಾಯ ಎಷ್ಟಿದೆ ಅಂತ ಹೇಳಿದರೆ ಇನ್ನೂ ಸರಿಯಾಗಿ ಹೇಳಬಹುದು.

ಹಾರಂಗಿ ದಡ

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಉಳಿತಾಯ ಎರಡೂವರೆ ಲಕ್ಷ ಇದೆ. ಪಿ.ಎಫ್. ಬೇರೆ. ಬೇರೆ ಸಾಲ ಇಲ್ಲ. ಕೊಯ್ಲಿನ ವಿಷಯ ಏಲಕ್ಕಿ ಮಲೆ ಅಮ್ಮ ಹೇಳಿದ್ದು ಸರಿ. ಈಗ ಮನೆಗೆ ಹೋದಾಗ ಕೂತು ಮಾತಾಡುತ್ತೇನೆ.

ಲಿಫಿ ತೀರ ಅವರೇ, ಮೊದಲ ತಿಂಗಳು ಕೈಯಲ್ಲಿ ಎಷ್ಟು ಇರಬೇಕು? ಮತ್ತೆ ಇಲ್ಲಿಂದಲೇ ರೂಮು ಬುಕ್ ಮಾಡಬಹುದಾ?

ಲಿಫಿ ತೀರ

ಊರಿಂದಲೇ ರೂಮಿಗೆ ದುಡ್ಡು ಕಳಿಸಬೇಡಿ. ಎಂದಿಗೂ ಬೇಡ. ಫೋಟೋ ಚೆನ್ನಾಗಿರುತ್ತದೆ, ಬಾಡಿಗೆ ಸ್ವಲ್ಪ ಕಡಿಮೆ ಇರುತ್ತದೆ, ಮಾಲೀಕರು ಬೇರೆ ದೇಶದಲ್ಲಿದ್ದೇನೆ ಕೀ ಕೊರಿಯರ್ ಮಾಡುತ್ತೇನೆ ಅನ್ನುತ್ತಾರೆ. ದುಡ್ಡು ಹೋದ ಮೇಲೆ ಉತ್ತರ ಇರುವುದಿಲ್ಲ. ಹೊಸದಾಗಿ ಬರುವ ನಮ್ಮ ಮಕ್ಕಳೇ ಇದರಲ್ಲಿ ಜಾಸ್ತಿ ಬೀಳುವುದು. ಮೊದಲ ಎರಡು ಮೂರು ವಾರ ಹಾಸ್ಟೆಲ್ಲಿನಲ್ಲೋ ಪರಿಚಯದವರ ಮನೆಯಲ್ಲೋ ಇದ್ದು, ಕಣ್ಣಾರೆ ನೋಡಿ, ಮನೆಯಲ್ಲಿ ಇರುವವರ ಜೊತೆ ಮಾತಾಡಿ, ಆಮೇಲೆ ಕೊಡಿ.

ಇನ್ನೊಂದು ಗೊತ್ತಿರಲಿ. 2021ರಿಂದ ಅಲ್ಲಿನ ಕಾನೂನಿನ ಪ್ರಕಾರ ಬಾಡಿಗೆದಾರರಿಂದ ಮೊದಲಿಗೆ ಒಂದು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಬಾಡಿಗೆ, ಇಷ್ಟಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿ ಇಲ್ಲ. ಆದರೆ ಮಾಲೀಕರು ತಾವೇ ಇರುವ ಮನೆಯಲ್ಲಿ ಒಂದು ರೂಮು ಕೊಟ್ಟರೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಅಂಥ ಮನೆಯಲ್ಲಿ ಹೊರಡು ಅಂದರೆ ಬೇಗ ಹೊರಡಬೇಕಾಗುತ್ತದೆ. ಬಾಡಿಗೆ ಕಡಿಮೆ ಅಂತ ಒಪ್ಪುವ ಮುಂಚೆ ಇದನ್ನು ಯೋಚಿಸಿ.

ಕೈಯಲ್ಲಿ ಇರಬೇಕಾದದ್ದು: ಬಾಡಿಗೆ, ಠೇವಣಿ ಸೇರಿ 1,800 ಯೂರೋ. ಮೊದಲ ವಾರಗಳ ತಂಗುವಿಕೆಗೆ 1,000. ಇರುವ ಅನುಮತಿಯ ಕಾರ್ಡಿಗೆ 300. ಸಂಬಳ ಬರುವುದು ತಿಂಗಳ ಕೊನೆಗೆ, ಅಲ್ಲಿಯವರೆಗೆ ಊಟ ಓಡಾಟಕ್ಕೆ 500. ಟಿಕೆಟ್, ವೀಸಾ, ಚಳಿಗೆ ಒಳ್ಳೆಯ ಜಾಕೆಟ್ ಇವೆಲ್ಲ ಸೇರಿಸಿ ನಾಲ್ಕೂವರೆ ಲಕ್ಷ ರೂಪಾಯಿ ಇದ್ದರೆ ನಿದ್ದೆ ಬರುತ್ತದೆ. ನಿಮ್ಮ ಹತ್ತಿರ ಎರಡು ಲಕ್ಷ ಕಡಿಮೆ ಇದೆ.

ಅದನ್ನು ಕಂಪನಿಗೆ ಕೇಳಿ. ಗಟ್ಟಿಯಾಗಿ ಕೇಳಿ. ಯಾಕೆ ಅಂದರೆ ಈ ಪರ್ಮಿಟ್‌ನ ಪಟ್ಟಿಯಲ್ಲಿರುವ ಕೆಲಸಗಳಿಗೆ 2024, 2025ರಲ್ಲಿ ಕನಿಷ್ಠ ಸಂಬಳವೇ 38,000 ಇತ್ತು. ಅದಕ್ಕೂ ಮುಂಚೆ 32,000 ಇತ್ತು. ಅಂದರೆ ಕಾನೂನು ಬಿಟ್ಟ ಅತಿ ಕಡಿಮೆ ಸಂಬಳವನ್ನು ನಿಮಗೆ ಕೊಟ್ಟಿದ್ದಾರೆ. ಅವರಿಗೆ ನೀವು ಬೇಕಾಗಿದ್ದೀರಿ, ಇಲ್ಲದಿದ್ದರೆ ಪರ್ಮಿಟ್ ಅರ್ಜಿಗೆ 1,000 ಯೂರೋ ಕಟ್ಟಲು ಒಪ್ಪುತ್ತಿರಲಿಲ್ಲ. ಸಂಬಳ ಏರಿಸಲು ಆಗದಿದ್ದರೆ ಬರುವ ಖರ್ಚಿಗೆ ಒಂದಿಷ್ಟು ಕೊಡಿ, ಮೊದಲ ಮೂರು ವಾರ ತಂಗಲು ವ್ಯವಸ್ಥೆ ಮಾಡಿ ಅಂತ ಬರೆಯಿರಿ. ಪರ್ಮಿಟ್‌ಗೆ ಕಟ್ಟಿದ ದುಡ್ಡನ್ನು ನಿಮ್ಮ ಸಂಬಳದಿಂದ ಹಿಡಿಯುವಂತಿಲ್ಲ ಅಂತಲೂ ಅಲ್ಲಿ ಕಾನೂನಿದೆ. ಆಫರ್ ಪತ್ರದಲ್ಲಿ ಅಂಥ ಸಾಲು ಇದ್ದರೆ ಸಹಿ ಹಾಕಬೇಡಿ.

ಮಾಕುಟ್ಟ ಘಾಟಿ

ನಾನು ದುಬೈನಲ್ಲಿ ಬಹಳ ವರ್ಷ ಹೋಟೆಲ್ ಕೆಲಸ ಮಾಡಿ ಬಂದವನು. ಇಲ್ಲಿ ಎಲ್ಲರೂ ಯೂರೋಪಿನ ಲೆಕ್ಕ ಹಾಕುತ್ತಿದ್ದಾರೆ. ಪದವಿ ಇಲ್ಲದ, ಐಟಿಯಲ್ಲಿ ಇಲ್ಲದ ನಮ್ಮ ಕೊಡಗಿನ ಮಕ್ಕಳಿಗೂ ಒಂದೆರಡು ಮಾತು ಬೇಕು.

ಕೊಲ್ಲಿಯಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಹೋಟೆಲ್ಲಿನವರು ತಂಗಲು ಜಾಗ, ಊಟ, ಬಸ್ಸು ಕೊಡುತ್ತಾರೆ. ಹಾಗಾಗಿ ಸಂಬಳ ಚಿಕ್ಕದಾದರೂ ಉಳಿಯುವುದು ಕಡಿಮೆಯೇನಲ್ಲ. ಆದರೆ ಪತ್ರದಲ್ಲಿ ಬೇಸಿಕ್ ಎಷ್ಟು, ಅಲೋವೆನ್ಸ್ ಎಷ್ಟು ಅಂತ ನೋಡಲೇಬೇಕು. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚುಟಿ ಬೇಸಿಕ್ ಮೇಲೆ ಮಾತ್ರ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ಒಟ್ಟು ಸಂಬಳ ದೊಡ್ಡದಾಗಿ ತೋರಿಸಿ ಬೇಸಿಕ್ ಚಿಕ್ಕದಾಗಿ ಇಟ್ಟಿದ್ದರೆ ಕೊನೆಯಲ್ಲಿ ಕೈಗೆ ಬರುವುದೂ ಚಿಕ್ಕದೇ.

ಏಜೆಂಟರ ವಿಷಯ. ಭಾರತದ ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಶುಲ್ಕ ಗರಿಷ್ಠ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅಷ್ಟೇ. ಎರಡು ಲಕ್ಷ, ಮೂರು ಲಕ್ಷ ಕೇಳುವವರು ಕಾನೂನು ಮೀರುತ್ತಿದ್ದಾರೆ. ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟರ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಯುಎಇಯಲ್ಲಂತೂ ನೇಮಕಾತಿ ಖರ್ಚನ್ನು ಕೆಲಸಗಾರನ ಮೇಲೆ ಹಾಕುವಂತಿಲ್ಲ ಅಂತ ಅವರ ಕಾರ್ಮಿಕ ಕಾನೂನೇ ಹೇಳುತ್ತದೆ. ಒಬ್ಬ ಏಜೆಂಟ್ ನಮ್ಮ ಕಡೆಯ ಹುಡುಗರ ಪಾಸ್‌ಪೋರ್ಟ್ ಇಟ್ಟುಕೊಂಡು ಅಮ್ಮಂದಿರ ಚಿನ್ನ ಅಡವಿಡಿಸಿದ್ದನ್ನು ನಾನು ಕಂಡಿದ್ದೇನೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಪಾಸ್‌ಪೋರ್ಟ್ ಯಾರ ಕೈಗೂ ಕೊಡಬೇಡಿ.

ಕೊಲ್ಲಿಯ ಇನ್ನೊಂದು ಅನುಕೂಲ ನಮಗೆ ಮಾತ್ರ ಇರುವುದು. 2018ರ ಡಿಸೆಂಬರಿನಲ್ಲಿ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ವಿರಾಜಪೇಟೆಯಿಂದ ಘಾಟಿ ಇಳಿದರೆ ಆಯಿತು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಒಂದೇ ದಿನದಲ್ಲಿ ತಲುಪಬಹುದು. ಡಬ್ಲಿನ್‌ಗೆ ಭಾರತದಿಂದ ನೇರ ವಿಮಾನವೇ ಇಲ್ಲ.

ಮಳೆಗಾಲ

ನಾನು ನರ್ಸ್. ಸಿದ್ದಾಪುರದವಳು, ಐರ್ಲೆಂಡಿನಲ್ಲೇ ಇದ್ದೇನೆ, ಆದರೆ ಡಬ್ಲಿನ್‌ನಲ್ಲಿ ಅಲ್ಲ. ಲಿಮೆರಿಕ್‌ನಲ್ಲಿ. ನನ್ನ ಜೊತೆ ಬಂದವರಲ್ಲಿ ಕಣ್ಣೂರು, ವಯನಾಡಿನವರೇ ಜಾಸ್ತಿ. ಅವರಿಗೆ ದಾರಿ ಮೊದಲೇ ಗೊತ್ತು, ನಾವು ಕೊಡಗಿನವರು ಸ್ವಲ್ಪ ತಡವಾಗಿ ಬಂದೆವು.

ಡಬ್ಲಿನ್ ಬಿಟ್ಟು ಬೇರೆ ಊರಿನಲ್ಲಿ ಕೆಲಸ ಸಿಕ್ಕರೆ ಅದೇ ಸಂಬಳಕ್ಕೆ ನೆಮ್ಮದಿ ಜಾಸ್ತಿ. ಕಂಪನಿಯವರು ವಾರದಲ್ಲಿ ಎರಡು ದಿನ ಮಾತ್ರ ಆಫೀಸಿಗೆ ಬಾ ಅಂದರೆ ಡ್ರಾಹೆಡಾ, ಬಾಲ್‌ಬ್ರಿಗನ್ ಕಡೆ ರೈಲಿರುವ ಊರುಗಳನ್ನೂ ನೋಡಿ. ಅಲ್ಲಿಯೂ ಬಾಡಿಗೆ ಏರಿದೆ, ಆದರೂ ವ್ಯತ್ಯಾಸ ಇದೆ.

ಆಸ್ಪತ್ರೆ ಖರ್ಚಿನ ಬಗ್ಗೆ ಯಾರೂ ಹೇಳಿಲ್ಲ. ಸಂಬಳದವರಿಗೆ ಎಲ್ಲ ಉಚಿತ ಅಂತ ಅಂದುಕೊಳ್ಳಬೇಡಿ. ಜಿಪಿ ಡಾಕ್ಟರ್ (ಮೊದಲು ತೋರಿಸುವ ಸಾಮಾನ್ಯ ವೈದ್ಯ) ಹತ್ತಿರ ಒಂದು ಸಲ ಹೋದರೆ 60 ಯೂರೋ ಆಸುಪಾಸು. ಜಿಪಿ ಚೀಟಿ ಇಲ್ಲದೆ ನೇರವಾಗಿ ತುರ್ತು ವಿಭಾಗಕ್ಕೆ ಹೋದರೆ 100. ಆದರೆ 2023ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದರೆ ದಿನದ ಶುಲ್ಕ ಇಲ್ಲ. ಔಷಧಿಗೆ ತಿಂಗಳಿಗೆ 80 ಯೂರೋಗಿಂತ ಜಾಸ್ತಿ ಕೊಡಬೇಕಾಗಿಲ್ಲ, ಅದಕ್ಕೆ ಒಂದು ಯೋಜನೆ ಇದೆ, ಹೋದ ಕೂಡಲೇ ಹೆಸರು ಬರೆಸಿ. ಹಲ್ಲು, ಕನ್ನಡಕ ಎರಡನ್ನೂ ಊರಲ್ಲೇ ಮುಗಿಸಿಕೊಂಡು ಹೊರಡಿ.

ಚಳಿಗಾಲದ ಬಗ್ಗೆಯೂ ಹೇಳಲೇಬೇಕು. ಮಳೆಗೆ ನಾವು ಹೆದರುವವರಲ್ಲ. ಮಡಿಕೇರಿಯ ಮಳೆಯ ಮುಂದೆ ಡಬ್ಲಿನ್ ಮಳೆ ಏನೂ ಅಲ್ಲ, ವರ್ಷಕ್ಕೆ 800 ಮಿಲಿಮೀಟರೂ ಬರುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಕತ್ತಲೆ. ಬೆಳಿಗ್ಗೆ ಎಂಟೂವರೆವರೆಗೂ ಕತ್ತಲೆ. ಪುತ್ತರಿ ಹಬ್ಬದ ಹೊತ್ತಿಗೆ ಮನೆಯವರು ಫೋಟೋ ಕಳಿಸುತ್ತಾರೆ, ನಾವು ಕತ್ತಲೆಯಲ್ಲಿ ಬಸ್ಸಿಗೆ ಕಾಯುತ್ತಿರುತ್ತೇವೆ. ಮೊದಲ ಚಳಿಗಾಲ ಎಲ್ಲರಿಗೂ ಭಾರ. ಕನ್ನಡ ಮಾತಾಡುವವರ ಗುಂಪು ಹುಡುಕಿಕೊಳ್ಳಿ.

ಸೋಮವಾರಪೇಟೆ ಸಂಜೆ

2025ರ ಜುಲೈನಲ್ಲಿ ಡಬ್ಲಿನ್‌ನ ಟ್ಯಾಲಾದಲ್ಲಿ ಭಾರತೀಯನೊಬ್ಬನನ್ನು ಗುಂಪು ಹೊಡೆದಿದ್ದನ್ನು ಎಲ್ಲರೂ ಓದಿದ್ದೇವೆ. ಆಗಸ್ಟ್ 1ಕ್ಕೆ ಭಾರತದ ರಾಯಭಾರ ಕಚೇರಿಯೇ ಎಚ್ಚರಿಕೆ ಕೊಟ್ಟಿತು. ಇದರ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ?

ಲಿಫಿ ತೀರ

ಕೇಳಿದ್ದು ಒಳ್ಳೆಯದಾಯಿತು. ಆ ವಾರಗಳಲ್ಲಿ ನಾನೂ ಭಯಪಟ್ಟೆ. ಕತ್ತಲಾದ ಮೇಲೆ ನಿರ್ಜನ ಜಾಗಗಳಲ್ಲಿ ಒಬ್ಬರೇ ಓಡಾಡಬೇಡಿ ಅಂತ ಕಚೇರಿಯವರು ಹೇಳಿದ್ದರು. ನಾನು ಇವತ್ತಿಗೂ ಪಾಲಿಸುತ್ತೇನೆ. ಅದೇ ಹೊತ್ತಿಗೆ ಪಕ್ಕದ ಮನೆಯ ಐರಿಶ್ ಅಜ್ಜಿ ಬಾಗಿಲು ತಟ್ಟಿ, ರಾತ್ರಿ ಎಲ್ಲಿಗಾದರೂ ಹೋಗಬೇಕಾದರೆ ನನ್ನ ಮಗ ಕಾರಿನಲ್ಲಿ ಬಿಡುತ್ತಾನೆ ಅಂದರು. ಎರಡೂ ನಿಜ. ರೂಮು ನೋಡುವಾಗ ಬಾಡಿಗೆಯ ಜೊತೆಗೆ ಬಸ್ ಸ್ಟಾಪಿನಿಂದ ಮನೆಯವರೆಗಿನ ದಾರಿಯನ್ನೂ ಸಂಜೆ ಹೊತ್ತು ನಡೆದು ನೋಡಿ. 50 ಯೂರೋ ಉಳಿಸಲು ಭಯದಲ್ಲಿ ಬದುಕಬೇಡಿ.

ಏಲಕ್ಕಿ ಮಲೆ

ಇದನ್ನೆಲ್ಲ ಓದುವಾಗ ನಮ್ಮ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಇರುವ ಅಸ್ಸಾಮಿನ ಹುಡುಗರು ನೆನಪಾಗುತ್ತಾರೆ. ಅವರೂ ಊರು ಬಿಟ್ಟು, ಭಾಷೆ ಬಿಟ್ಟು ಬಂದಿದ್ದಾರೆ. ಒಂದೇ ರೂಮಿನಲ್ಲಿ ನಾಲ್ಕು ಜನ. ತಿಂಗಳ ಕೊನೆಗೆ ಫೋನಿನಲ್ಲಿ ಮನೆಗೆ ದುಡ್ಡು ಹಾಕುತ್ತಾರೆ. ಅವರು ಇಲ್ಲದಿದ್ದರೆ ಇವತ್ತು ಕೊಡಗಿನ ಕೊಯ್ಲೇ ಇಲ್ಲ. ನಮ್ಮ ಮಕ್ಕಳಿಗೆ ಅಲ್ಲಿ ಒಳ್ಳೆಯ ಮನೆ ಮಾಲೀಕರು ಸಿಗಲಿ ಅಂತ ಬೇಡುವ ನಾವು, ನಮ್ಮ ಲೈನ್ ಮನೆಗೆ ನೀರು, ಶೌಚಾಲಯ ಸರಿ ಇದೆಯಾ ಅಂತ ನೋಡಬೇಕು. ವಿಷಯ ಬಿಟ್ಟು ಹೋದೆ ಅನಿಸಿದರೆ ಕ್ಷಮಿಸಿ.

ಬ್ರಹ್ಮಗಿರಿ

ವಿಷಯ ಬಿಟ್ಟಿಲ್ಲ ಅಮ್ಮ.

ಹುಡುಗನಿಗೆ ಇನ್ನೆರಡು ಮುಖ್ಯ ವಿಷಯ. ಕೆಲಸಕ್ಕೆ ಅಂತ ವಿದೇಶಕ್ಕೆ ಹೋದ ಮೇಲೆ ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಗೆ ಬದಲಾಯಿಸಬೇಕು. ಅಲ್ಲಿ ದುಡಿದದ್ದನ್ನು ಕಳಿಸಲು ಎನ್‌ಆರ್‌ಇ ಖಾತೆ ಬೇರೆ ತೆರೆಯಿರಿ. ಇದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ದುಡ್ಡು ವಾಪಸ್ ಒಯ್ಯಬಹುದು.

ಇನ್ನೊಂದನ್ನು ಕೊಡಗಿನವರು ವಿಶೇಷವಾಗಿ ತಿಳಿದಿರಬೇಕು. ಅನಿವಾಸಿಯಾದವರು ಭಾರತದಲ್ಲಿ ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಮನೆ, ಸೈಟು ಕೊಳ್ಳಬಹುದು. ಅಪ್ಪನ ತೋಟ ಪಿತ್ರಾರ್ಜಿತವಾಗಿ ಬಂದರೆ ತೊಂದರೆ ಇಲ್ಲ. ಮೊದಲೇ ನಿಮ್ಮ ಹೆಸರಿನಲ್ಲಿ ಇದ್ದರೂ ಇಟ್ಟುಕೊಳ್ಳಬಹುದು. ಆದರೆ ಅಲ್ಲಿ ದುಡಿದು ಪಕ್ಕದ ಎರಡು ಎಕರೆ ತೆಗೆದುಕೊಳ್ಳುತ್ತೇನೆ ಅನ್ನುವ ಕನಸಿದ್ದರೆ, ಅದು ಅಲ್ಲಿದ್ದುಕೊಂಡು ಆಗುವುದಿಲ್ಲ. ವಾಪಸ್ ಬಂದು ಇಲ್ಲಿನ ನಿವಾಸಿಯಾದ ಮೇಲೆ ಕೊಳ್ಳಬೇಕು. ಎಷ್ಟೋ ಜನ ಈ ಕನಸಿಟ್ಟುಕೊಂಡೇ ಹೋಗುತ್ತಾರೆ, ಅದಕ್ಕೆ ಹೇಳಿದೆ.

ಮಾಕುಟ್ಟ ಘಾಟಿ

ಒಂದು ಪ್ರಶ್ನೆ. ಅಲ್ಲಿ ಹೋದ ಮೇಲೆ ಕಂಪನಿ ಸರಿ ಇಲ್ಲ ಅಂದರೆ ಬದಲಾಯಿಸಬಹುದಾ? ಕೊಲ್ಲಿಯಲ್ಲಿ ನಮಗೆ ದೊಡ್ಡ ಕಷ್ಟ ಇದೇ ಆಗಿತ್ತು.

ಲಿಫಿ ತೀರ

ಬದಲಾಯಿಸಬಹುದು. 2024ರ ಸೆಪ್ಟೆಂಬರಿನಲ್ಲಿ ಬಂದ ಹೊಸ ಕಾನೂನಿನ ಪ್ರಕಾರ ಮೊದಲ ಕಂಪನಿಯಲ್ಲಿ ಒಂಬತ್ತು ತಿಂಗಳಾದ ಮೇಲೆ ಅದೇ ರೀತಿಯ ಕೆಲಸಕ್ಕೆ ಬೇರೆ ಕಂಪನಿಗೆ ಹೋಗಬಹುದು. ಕ್ರಿಟಿಕಲ್ ಸ್ಕಿಲ್ಸ್‌ನವರಿಗೆ ಎರಡು ವರ್ಷದ ಹೊತ್ತಿಗೆ ಸ್ಟ್ಯಾಂಪ್ 4 ಸಿಗುತ್ತದೆ. ಆಮೇಲೆ ಪರ್ಮಿಟ್ ಗೊಡವೆಯೇ ಇಲ್ಲದೆ ಕೆಲಸ ಮಾಡಬಹುದು. ಸಂಬಳ ನಿಜವಾಗಿ ಏರುವುದು ಆಗಲೇ. ಬೇರೆ ಕೆಲಸಗಳಿಗೆ ಕೊಡುವ ಜನರಲ್ ಪರ್ಮಿಟ್ ಆದರೆ ಇದಕ್ಕೆ ಐದು ವರ್ಷದ ಹತ್ತಿರ ಕಾಯಬೇಕು. ಆದ್ದರಿಂದ ಆಫರ್ ಹೋಲಿಸುವಾಗ ಸಂಬಳಕ್ಕಿಂತ ಮೊದಲು ಯಾವ ಪರ್ಮಿಟ್ ಅಂತ ಕೇಳಿ. 38,000 ಮತ್ತು ಕ್ರಿಟಿಕಲ್ ಸ್ಕಿಲ್ಸ್ ಇರುವ ಆಫರ್, 41,000 ಮತ್ತು ಜನರಲ್ ಪರ್ಮಿಟ್ ಇರುವ ಆಫರ್‌ಗಿಂತ ಒಳ್ಳೆಯದು ಅಂತ ನನ್ನ ಗಟ್ಟಿ ನಂಬಿಕೆ.

ಹಾರಂಗಿ ದಡ

ಊರಿಗೆ ಹೋಗಿ ಬಂದೆ. ಕಂಪನಿಗೂ ಬರೆದೆ. ಸಂಬಳ ಏರಿಸಲು ಒಪ್ಪಲಿಲ್ಲ. ಆದರೆ ಬರುವ ಖರ್ಚಿಗೆ 1,500 ಯೂರೋ ಕೊಡುತ್ತಾರೆ, ಮೊದಲ ಮೂರು ವಾರ ತಂಗಲು ಜಾಗವನ್ನೂ ಅವರೇ ಮಾಡುತ್ತಾರೆ. ಸೇರುವ ದಿನ ಫೆಬ್ರವರಿ ಕೊನೆಗೆ ಹೋಗಿದೆ. ಅಲ್ಲಿಗೆ ಸಾಲ ಇಲ್ಲದೆ ಹೊರಡಬಹುದು.

ಅಮ್ಮನ ಹತ್ತಿರ ಕೂತು ಮಾತಾಡಿದೆ. ನಾನು ಹೋಗುವುದು ಅವರಿಗೆ ಬೇಡ ಅಂತಲ್ಲ. ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿದೆ, ನನಗೆ ಹೇಳಬೇಡ ಅಂದಿದ್ದರಂತೆ. ಹಾಗಾಗಿ ಈ ಸಲದ ಕೊಯ್ಲಿಗೆ ಜನವರಿ ಪೂರ್ತಿ ನಾನೇ ಮನೆಯಲ್ಲಿರುತ್ತೇನೆ. ಮುಂದಿನ ವರ್ಷದಿಂದ ಗಿಡದಲ್ಲೇ ಫಸಲು ಗುತ್ತಿಗೆ ಕೊಡುವುದು ಅಂತ ಚಿಕ್ಕಪ್ಪನ ಜೊತೆ ಮಾತಾಯಿತು. ಆದಾಯ ಸ್ವಲ್ಪ ಕಡಿಮೆಯಾಗುತ್ತದೆ, ಅಪ್ಪ ಕಣದಲ್ಲಿ ನಿಲ್ಲಬೇಕಾಗಿಲ್ಲ. ಆ ಕಡಿಮೆಯಾದದ್ದನ್ನು ನಾನು ಅಲ್ಲಿಂದ ತುಂಬಬೇಕು. ತಿಂಗಳಿಗೆ 300 ಯೂರೋ ಮನೆಗೆ ಅಂತ ಇಟ್ಟುಕೊಂಡಿದ್ದೇನೆ.

ಅಮ್ಮ ಒಣಗಿಸಿದ ಹಂದಿ ಮಾಂಸ, ತುಪ್ಪ, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ) ಎಲ್ಲ ಕಟ್ಟಿಕೊಡುತ್ತೇನೆ ಅನ್ನುತ್ತಿದ್ದಾರೆ. ಒಯ್ಯಬಹುದಾ?

ಮಳೆಗಾಲ

ಮಾಂಸ, ತುಪ್ಪ ಎರಡೂ ಬೇಡ. ಯುರೋಪಿನ ಒಕ್ಕೂಟಕ್ಕೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ತರುವಂತಿಲ್ಲ. ಹಿಡಿದರೆ ಅಲ್ಲೇ ಎಸೆಯುತ್ತಾರೆ, ಅಮ್ಮನ ಶ್ರಮ ಹಾಳು. ಕಿತ್ತಳೆ, ಕರಿಬೇವಿನ ಸೊಪ್ಪಿಗೂ ಪ್ರಮಾಣಪತ್ರ ಕೇಳುತ್ತಾರೆ. ಕಾಚಂಪುಳಿ, ಕರಿಮೆಣಸಿನ ಪುಡಿ, ಕಾಫಿಪುಡಿ ಧಾರಾಳವಾಗಿ ತನ್ನಿ. ಹಂದಿ ಮಾಂಸ ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಕಾಚಂಪುಳಿ ಇದ್ದರೆ ಪಂದಿ ಕರಿ ಅಲ್ಲೇ ಆಯಿತು. ಕಡಂಬುಟ್ಟು ಕಡುಬಿಗೆ ಅಕ್ಕಿ ತರಿ ಮಾತ್ರ ಮನೆಯಿಂದ ಒಯ್ಯಿರಿ.

ಸೋಮವಾರಪೇಟೆ ಸಂಜೆ

ಜನವರಿ ಕೊಯ್ಲಿಗೆ ಇರುತ್ತೀರಿ ಅಂದಿದ್ದು ಖುಷಿಯಾಯಿತು. ನಾನು ಹತ್ತಿರದಲ್ಲೇ ಇದ್ದೇನೆ. ನೀವು ಹೋದ ಮೇಲೆ ಅಪ್ಪನಿಗೆ ಆಸ್ಪತ್ರೆಗೆ ಹೋಗುವ ಅಗತ್ಯ ಬಿದ್ದರೆ ನನ್ನ ಜೀಪು ಇದೆ. ಸುಮ್ನೆ ಹೇಳುತ್ತಿಲ್ಲ. ಮೆಸೇಜ್ ಮಾಡಿ, ನಂಬರ್ ಕೊಡುತ್ತೇನೆ.

ಲಿಫಿ ತೀರ

ಹೊರಡುವ ಮುಂಚೆ ಇಷ್ಟು ನೆನಪಿಡಿ. ಹೋದ ತಕ್ಷಣ ಪಿಪಿಎಸ್ ನಂಬರಿಗೆ (ತೆರಿಗೆ, ಸರ್ಕಾರಿ ಸೇವೆಗಳಿಗೆ ಬೇಕಾದ ಗುರುತಿನ ಸಂಖ್ಯೆ) ಅರ್ಜಿ ಹಾಕಿ. ವಿಳಾಸದ ದಾಖಲೆ ಕೇಳುತ್ತಾರೆ, ಕಂಪನಿ ಮಾಡುವ ತಂಗುದಾಣದ ಪತ್ರ ತೆಗೆದಿಟ್ಟುಕೊಳ್ಳಿ. ನಂಬರ್ ಬಂದ ದಿನವೇ ರೆವಿನ್ಯೂ (ತೆರಿಗೆ ಇಲಾಖೆ) ಜಾಲತಾಣದಲ್ಲಿ ನಿಮ್ಮ ಕೆಲಸ ನೋಂದಾಯಿಸಿ. ಅದಿಲ್ಲದಿದ್ದರೆ ತುರ್ತು ತೆರಿಗೆ ಅಂತ ಸಂಬಳದ ಶೇ. 40ರವರೆಗೆ ಹಿಡಿಯುತ್ತಾರೆ. ಆಮೇಲೆ ವಾಪಸ್ ಬರುತ್ತದೆ, ಆದರೆ ದುಡ್ಡು ಬೇಕಾಗುವುದು ಮೊದಲ ತಿಂಗಳಲ್ಲೇ ಅಲ್ವಾ. ಬಾಡಿಗೆ ಕೊಟ್ಟ ರಸೀದಿಗಳನ್ನೂ ಇಟ್ಟುಕೊಳ್ಳಿ. ಬಾಡಿಗೆದಾರರಿಗೆ ವರ್ಷಕ್ಕೆ 1,000 ಯೂರೋವರೆಗೆ ತೆರಿಗೆ ರಿಯಾಯಿತಿ ಇದೆ, ಮಾಲೀಕರ ಮನೆಯಲ್ಲೇ ರೂಮು ಹಿಡಿದವರೂ ಕೇಳಬಹುದು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಬಂದ ಮೇಲೆ ರೂಮು ನೋಡಲು ಹೋಗುವಾಗ ನನಗೆ ಹೇಳಿ, ಶನಿವಾರ ಆದರೆ ಜೊತೆಗೆ ಬರುತ್ತೇನೆ.